ದನದ ಆಸ್ಪತ್ರೆಯಲ್ಲಿ ಕೋಳಿಗೆ ಜಾಗ ಇಲ್ಲವೇ?

"ಕೋಳಿ ಕೇಳಿ ಮಸಾಲೆ ಅರೆಯೋದಕ್ಕಾಗುತ್ತಾ?" ಅಂತ ನಮ್ಮ ಕಡೆ ತಮಾಷೆಗೆ ಹೇಳುತ್ತಾರೆ. ಕೋಳಿಗೆ ಕಾಯಿಲೆ ಬಂದಾಗ ಮಾತ್ರ ಇದು ತಮಾಷೆಯಾಗಿ ಉಳಿಯುವುದಿಲ್ಲ, ಊರಿನ ಕಾನೂನೇ ಆಗಿಬಿಡುತ್ತದೆ. ಕಣ್ಣು ಊದಿಕೊಂಡಿದೆಯಾ? ಕೊಯ್ದುಬಿಡು. ಗೊರಗೊರ ಅನ್ನುತ್ತಿದೆಯಾ? ಸಂತೆಗೆ ಸಾಗಿಸು. ಎರಡೂ ಆಗದಿದ್ದರೆ ಮೆಡಿಕಲ್‌ನಿಂದ ಒಂದು ಕ್ಯಾಪ್ಸೂಲ್ ತಂದು, ಬಿಚ್ಚಿ, ಬಾಯಿಗೆ ಸುರಿ. ಬದುಕಿದರೆ ಅದರ ಅದೃಷ್ಟ.

ನಾವು ಇದನ್ನು ಒಪ್ಪುವುದಿಲ್ಲ. ನಮ್ಮ ಹಿತ್ತಲ ಕೋಳಿಗಳು ಔಷಧಿ ಇಲ್ಲದೆ ಸಾಯುವುದಕ್ಕಿಂತ ಹೆಚ್ಚಾಗಿ, ಯಾರೂ ಸರಿಯಾಗಿ ನೋಡದೆ ಸಾಯುತ್ತಿವೆ. ಮನೆಯಲ್ಲಿ ಯಾವ ಕಾಯಿಲೆ ಅಂತ ನೋಡುವುದಿಲ್ಲ. ಮೆಡಿಕಲ್‌ನಲ್ಲಿ ಮಾತ್ರೆ ಯಾರಿಗೆ ಅಂತ ಕೇಳುವುದಿಲ್ಲ. ದನದ ಆಸ್ಪತ್ರೆಯಲ್ಲಿ ಕೋಳಿ ಅಂದರೆ ತಲೆ ಎತ್ತುವುದಿಲ್ಲ. ಮೂರೂ ಕಡೆ ಬದಲಾಗಬೇಕು. ಮೊದಲು ನಮ್ಮ ಮನೆಯಿಂದಲೇ ಶುರು ಮಾಡೋಣ, ಆಮೇಲೆ ಇಲಾಖೆಯನ್ನು ಕೇಳೋಣ.

ಕೋಳಿ ದುಡ್ಡು ಯಾರ ದುಡ್ಡು?

ಹಸು ಮಾರಿದ ದುಡ್ಡು ಗಂಡಸರ ಜೇಬಿಗೆ ಹೋಗುತ್ತದೆ. ಹಾಲಿನ ಬಿಲ್ಲು ಡೈರಿ ಖಾತೆಗೆ ಹೋಗುತ್ತದೆ. ಕೋಳಿ, ಮೊಟ್ಟೆ ಮಾರಿದ ದುಡ್ಡು ಮಾತ್ರ ಬಹಳ ಮನೆಗಳಲ್ಲಿ ಹೆಂಗಸರ ಸೆರಗಿನ ಗಂಟಿನಲ್ಲಿ ಉಳಿಯುತ್ತದೆ. ಸಂಘದ ವಾರದ ಕಂತು, ಮಕ್ಕಳ ನೋಟ್‌ಬುಕ್ಕು, ದಿಢೀರನೆ ಬಂದ ಜ್ವರದ ಖರ್ಚು ಎಲ್ಲಾ ಅಲ್ಲಿಂದಲೇ. ಒಳ್ಳೆಯ ಒಂದು ನಾಟಿ ಹುಂಜಕ್ಕೆ ಒಂದು ದಿನದ ಕೂಲಿಗಿಂತ ಹೆಚ್ಚು ಬೆಲೆ ಇದೆ. ಎಂಟು ಕೋಳಿ ಒಂದೇ ವಾರದಲ್ಲಿ ಸತ್ತರೆ ಆ ಮನೆಯ ಹೆಂಗಸಿಗೆ ಅದು ಎಂಟು ದಿನದ ಕೂಲಿ ಕಳೆದಂತೆ. ಅದಕ್ಕೆ ವಿಮೆ ಮಾಡಿಸಿದವರನ್ನು, ಪರಿಹಾರ ತಗೊಂಡವರನ್ನು ಊರಲ್ಲಿ ಹುಡುಕಿ ನೋಡಿ.

ಇದು ಸಣ್ಣ ಸಂಗತಿ ಅನ್ನುವವರಿಗೆ ಸರ್ಕಾರದ್ದೇ ಲೆಕ್ಕ ಇದೆ. 2019ರ 20ನೇ ಜಾನುವಾರು ಗಣತಿ ಪ್ರಕಾರ ದೇಶದಲ್ಲಿ ಕೋಳಿ, ಬಾತು ಎಲ್ಲಾ ಸೇರಿ 85.18 ಕೋಟಿ ಹಕ್ಕಿಗಳಿವೆ. ಅದರಲ್ಲಿ 31.7 ಕೋಟಿ ಮನೆಯ ಹಿತ್ತಲಿನವು. 2012ರ ಗಣತಿಗಿಂತ ಹಿತ್ತಲ ಕೋಳಿಗಳ ಸಂಖ್ಯೆ ಸುಮಾರು ಶೇ. 46ರಷ್ಟು ಏರಿದೆ. ಅಂದರೆ ದೇಶದ ಪ್ರತಿ ಮೂರು ಕೋಳಿಗಳಲ್ಲಿ ಒಂದಕ್ಕಿಂತ ಹೆಚ್ಚು ನಮ್ಮ ನಿಮ್ಮ ಮನೆಯ ಹಿಂದೆ ತಿಪ್ಪೆ ಕೆದಕುತ್ತಿವೆ.

ಜಿಲ್ಲೆಯಿಂದ ಸುದ್ದಿ ಕಳಿಸುವ ನಮಗೆ ಇನ್ನೊಂದು ಲೆಕ್ಕವೂ ಗೊತ್ತು. ಎಮ್ಮೆ ಸಿಡಿಲಿಗೆ ಸತ್ತರೆ ಫೋಟೋ ಸಮೇತ ಸುದ್ದಿ. ಕುರಿ ಸತ್ತರೆ ನಾಲ್ಕು ಸಾಲು. ಒಂದು ಕೇರಿಯ ಕೋಳಿಯೆಲ್ಲಾ ಸತ್ತರೆ ಸುದ್ದಿಯೇ ಅಲ್ಲ. ಹಕ್ಕಿಜ್ವರ ಬಂದರೆ ಮಾತ್ರ ಕೋಳಿ ಮುಖಪುಟಕ್ಕೆ ಬರುತ್ತದೆ. ಅದೂ ಚಿಕನ್ ತಿನ್ನಬಹುದೋ ಬೇಡವೋ ಅನ್ನುವ ಪಟ್ಟಣದವರ ಚಿಂತೆಗೆ.

"ಶೀತ" ಅನ್ನುವ ಒಂದೇ ಮಾತು ಸಾಲದು

ಕೋಳಿ ಸೀನಿದರೂ ಶೀತ, ಕಣ್ಣು ಮುಚ್ಚಿದರೂ ಶೀತ, ಬಾಯಿ ತೆರೆದು ಉಸಿರೆಳೆದರೂ ಶೀತ. ಒಂದೇ ಹೆಸರು ಇಟ್ಟ ಮೇಲೆ ಒಂದೇ ಮಾತ್ರೆ ಸಾಕು ಅನ್ನಿಸುವುದು ಸಹಜ. ತಪ್ಪು ಶುರುವಾಗುವುದೇ ಇಲ್ಲಿ. ಈ ಒಂದು "ಶೀತ"ದ ಹಿಂದೆ ಏಳೆಂಟು ಬೇರೆ ಬೇರೆ ಕಾರಣಗಳಿವೆ. ಕೋಳಿಯನ್ನು ಕೈಯಲ್ಲಿ ಹಿಡಿದು ಎರಡು ನಿಮಿಷ ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತದೆ.

ಒಂದೇ ಕೋಳಿ, ಒಂದೇ ಕಣ್ಣು: ಬೇರೆ ಕೋಳಿಗಳೆಲ್ಲಾ ಚೆನ್ನಾಗಿದ್ದು ಒಂದರ ಒಂದು ಕಣ್ಣು ಮಾತ್ರ ಮುಚ್ಚಿದ್ದರೆ ಅದು ಬಹುಪಾಲು ಪೆಟ್ಟು. ಇನ್ನೊಂದು ಕೋಳಿ ಕುಕ್ಕಿರಬಹುದು, ಧೂಳು ಇಲ್ಲವೇ ಹೊಟ್ಟು ಬಿದ್ದಿರಬಹುದು. ಕಣ್ಣಿನ ಒಳರೆಪ್ಪೆ ಸರಿಸಿದಾಗ ತೆಳ್ಳಗೆ ಬಿಳಿ ದಾರದಂಥ ಹುಳು ಕಂಡರೆ ಅದು ಕಣ್ಣುಹುಳು. ಜಿರಳೆ ತಿಂದ ಕೋಳಿಗೆ ಬರುತ್ತದೆ. ಇವೆರಡಕ್ಕೂ ಶೀತದ ಮಾತ್ರೆಗೂ ಸಂಬಂಧವೇ ಇಲ್ಲ.

ಮುಖ ಊದಿ, ಮೂಗಿನಿಂದ ನಾತ: ಕಣ್ಣಿನ ಸುತ್ತ, ಕೆನ್ನೆ, ಗದ್ದದ ಕೆಳಗಿನ ಜೋಲು ಚರ್ಮ ಊದಿಕೊಂಡು, ಮೂಗಿನಿಂದ ಗಬ್ಬು ವಾಸನೆಯ ಸಿಂಬಳ ಬಂದರೆ ಅದು ಕೊರೈಜಾ. ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ. ಎರಡು ಮೂರು ದಿನದಲ್ಲಿ ಗೂಡಿನ ತುಂಬ ಹರಡುತ್ತದೆ. ಮೊಟ್ಟೆ ನಿಂತುಹೋಗುತ್ತದೆ. ಇದಕ್ಕೆ ಔಷಧಿ ಇದೆ, ಬೇಗ ಕೊಟ್ಟರೆ ಬಹಳ ಕೋಳಿ ಉಳಿಯುತ್ತವೆ. ಉಳಿದವು ಮಾತ್ರ ರೋಗವನ್ನು ಒಳಗೇ ಇಟ್ಟುಕೊಂಡು ಹೊಸ ಕೋಳಿಗೆ ಅಂಟಿಸುತ್ತಾ ಇರಬಹುದು.

ಕಣ್ಣಲ್ಲಿ ನೊರೆ, ರಾತ್ರಿ ಗೊರಗೊರ: ಕಣ್ಣಿನ ಮೂಲೆಯಲ್ಲಿ ಸೋಪಿನ ಗುಳ್ಳೆಯಂಥ ನೊರೆ, ಸೀನು, ತಲೆ ಒದರುವುದು, ದಿನದಿನಕ್ಕೆ ಬಡವಾಗುವುದು. ಇದು ಮೈಕೋಪ್ಲಾಸ್ಮಾ ಅನ್ನುವ ಸೂಕ್ಷ್ಮಜೀವಿಯ ಕೆಲಸ. ಡಾಕ್ಟರುಗಳು ಸಿ.ಆರ್.ಡಿ. ಅನ್ನುತ್ತಾರೆ. ನಿಧಾನದ ಕಾಯಿಲೆ. ಮೊಟ್ಟೆಯ ಮೂಲಕ ಮರಿಗೂ ಇಳಿಯುತ್ತದೆ. ಚಳಿ, ಧೂಳು, ಗೂಡಿನ ಕೆಟ್ಟ ಗಾಳಿ ಸೇರಿದರೆ ಜೋರಾಗುತ್ತದೆ. ರಾತ್ರಿ ಕೋಳಿಗಳು ಕೂತ ಮೇಲೆ ಗೂಡಿನ ಹತ್ತಿರ ಸುಮ್ಮನೆ ನಿಂತು ಕೇಳಿ. ಹಗಲು ಗಲಾಟೆಯಲ್ಲಿ ಕೇಳಿಸದ ಗೊರಗೊರ ಆಗ ಕೇಳಿಸುತ್ತದೆ.

ರೆಪ್ಪೆ, ಜುಟ್ಟಿನ ಮೇಲೆ ಗುಳ್ಳೆ: ಕರಿ ಹಕ್ಕಳೆ ಕಟ್ಟಿದ ಗುಳ್ಳೆಗಳಿದ್ದರೆ ಅದು ಕೋಳಿ ಸಿಡುಬು. ವೈರಸ್‌ನಿಂದ ಬರುವುದು, ಸೊಳ್ಳೆ ಹರಡುತ್ತದೆ. ರೆಪ್ಪೆಯ ಮೇಲೆ ಎದ್ದರೆ ಕಣ್ಣು ಮುಚ್ಚಿಹೋಗುತ್ತದೆ. ಗಂಟಲೊಳಗೆ ಹಳದಿ ಪೊರೆ ಕಟ್ಟಿದರೆ ಉಸಿರೇ ಸಿಗುವುದಿಲ್ಲ. ಹಕ್ಕಳೆ ಕಿತ್ತರೆ ರಕ್ತ ಬರುತ್ತದೆ, ರೋಗವೂ ಹರಡುತ್ತದೆ. ಕೀಳಬೇಡಿ.

ಕಣ್ಣಲ್ಲಿ ಬಿಳಿ ಗಿಣ್ಣಿನಂಥ ಗಡ್ಡೆ: ಎರಡೂ ಕಣ್ಣಲ್ಲಿ ನೀರು ಸುರಿದು ಆಮೇಲೆ ಬಿಳಿ ಗಡ್ಡೆ ಕಟ್ಟಿದರೆ, ಆ ಕೋಳಿ ಪಂಜರದಲ್ಲೇ ಇದ್ದು ಬರೀ ನುಚ್ಚು ತಿನ್ನುತ್ತಿದ್ದರೆ, ಎ ವಿಟಮಿನ್ ಕೊರತೆಯ ಸಂಶಯ ಪಡಬೇಕು. ನುಚ್ಚಿನಲ್ಲಿ, ಬಿಳಿ ಜೋಳದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ನುಗ್ಗೆಸೊಪ್ಪು, ಹಸಿ ಹುಲ್ಲು, ಹಳದಿ ಮುಸುಕಿನ ಜೋಳದಲ್ಲಿ ಅದರ ಮೂಲ ಇದೆ. ಬೀದಿಯಲ್ಲಿ ಓಡಾಡಿ ಹಸಿರು ಮೇಯುವ ಕೋಳಿಗೆ ಇದು ಬರುವುದು ಕಡಿಮೆ. ನಾಯಿ ಕಾಟ, ಅಕ್ಕಪಕ್ಕದ ಜಗಳ ಅಂತ ಕೋಳಿ ಕೂಡಿಹಾಕುವ ಮನೆಗಳು ಇದನ್ನು ನೆನಪಿಡಬೇಕು.

ಎಲ್ಲಾ ಕೋಳಿಗೂ ಕೆಂಪು ಕಣ್ಣು: ಗೂಡು ಮುಚ್ಚಿಟ್ಟು, ಹಿಕ್ಕೆ ಬಳಿಯದೆ, ಮಳೆ ನೀರು ಒಳಗಿಳಿದರೆ ಅಮೋನಿಯಾ ಅನ್ನುವ ಗಾಳಿ ಏಳುತ್ತದೆ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದು ಕೋಳಿಯ ಎತ್ತರಕ್ಕೆ ಬಗ್ಗಿ. ನಿಮ್ಮ ಮೂಗು ಕಣ್ಣು ಉರಿದರೆ ರಾತ್ರಿಯಿಡೀ ಅಲ್ಲಿ ಕೂತ ಕೋಳಿಗೆ ಏನಾಗಿರಬೇಕು? ಇದಕ್ಕೆ ಮದ್ದು ಪೊರಕೆ ಮತ್ತು ಗಾಳಿ. ಬೂಸ್ಟು ಹಿಡಿದ ಹುಲ್ಲು, ಹೊಟ್ಟು ಹಾಸಿದರೆ ಎಳೆ ಮರಿಗಳ ಶ್ವಾಸಕೋಶಕ್ಕೆ ಶಿಲೀಂಧ್ರ ಇಳಿದು ಸದ್ದಿಲ್ಲದೆ ಬಾಯಿ ಬಿಟ್ಟು ಸಾಯುತ್ತವೆ. ಅದಕ್ಕೂ ಕ್ಯಾಪ್ಸೂಲ್ ನಾಟುವುದಿಲ್ಲ.

ಉಸಿರಾಟದ ಕಷ್ಟ, ಹಸಿರು ಭೇದಿ, ತಿರುಚಿದ ಕತ್ತು: ಇದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಭಾರತದಲ್ಲಿ 1927ರಲ್ಲಿ ಈಗಿನ ಉತ್ತರಾಖಂಡದ ರಾಣಿಖೇತ್‌ನಲ್ಲಿ ಗುರುತಿಸಿದ್ದರಿಂದ ಆ ಹೆಸರು. ರೆಕ್ಕೆ ಜೋಲುತ್ತದೆ, ಕಾಲು ಎಳೆಯುತ್ತದೆ, ಎರಡು ಮೂರು ದಿನದಲ್ಲಿ ಗೂಡು ಖಾಲಿಯಾಗುತ್ತದೆ. ವೈರಸ್ ಆದ್ದರಿಂದ ಬಂದ ಮೇಲೆ ಔಷಧಿ ಇಲ್ಲ. ಬರುವ ಮೊದಲು ಲಸಿಕೆ ಇದೆ.

ಒಂದು ಎಚ್ಚರಿಕೆ. ಒಂದೆರಡು ದಿನದಲ್ಲಿ ಹಲವು ಕೋಳಿ ದಿಢೀರನೆ ಸತ್ತರೆ, ಜುಟ್ಟು ನೀಲಿಗಟ್ಟಿದರೆ, ಮುಖ ಊದಿದರೆ ರಾಣಿಖೇತ್ ಆಗಿರಬಹುದು, ಹಕ್ಕಿಜ್ವರವೂ ಆಗಿರಬಹುದು. ಬರೀ ಕಣ್ಣಿನಿಂದ ಹೇಳುವುದು ಸಾಧ್ಯವಿಲ್ಲ, ಪ್ರಯೋಗಾಲಯವೇ ಹೇಳಬೇಕು. 2012ರಲ್ಲಿ ಹೆಸರಘಟ್ಟದಲ್ಲಿ, 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಹಕ್ಕಿಜ್ವರ ಬಂದಿದ್ದು ನೆನಪಿರಲಿ. ಅಂಥ ಕೋಳಿ ಕೊಯ್ಯಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ, ಕೆರೆಗೆ ಎಸೆಯಬೇಡಿ. ಮೊದಲು ಫೋನ್ ಮಾಡಿ.

ಕ್ಯಾಪ್ಸೂಲ್ ಬಿಚ್ಚುವ ಮೊದಲು

ಮೆಡಿಕಲ್‌ನಲ್ಲಿ ನಡೆಯುವ ಮಾತು ಎಲ್ಲರಿಗೂ ಗೊತ್ತು. "ಅಣ್ಣಾ, ಕೋಳಿಗೆ ಶೀತ, ಏನಾದ್ರೂ ಕೊಡಿ." "ತಗೊಳ್ಳಕ್ಕ, ಇದನ್ನ ಅರ್ಧ ಮಾಡಿ ಹಾಕು." ಕೈಗೆ ಬರುವುದು ಹೆಚ್ಚಾಗಿ ಮನುಷ್ಯರ ಆ್ಯಂಟಿಬಯಾಟಿಕ್. ಡೋಸ್ ಅಂದಾಜು, ದಿನ ಅಂದಾಜು, ರೋಗವೂ ಅಂದಾಜು.

ಇದು ಯಾಕೆ ಕೆಲಸ ಮಾಡುವುದಿಲ್ಲ ಅಂತ ಒಂದು ಉದಾಹರಣೆ ನೋಡಿ. ಅಮಾಕ್ಸಿಸಿಲಿನ್ ಗುಂಪಿನ ಔಷಧಿ ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಒಡೆದು ಕೊಲ್ಲುತ್ತದೆ. ಮೈಕೋಪ್ಲಾಸ್ಮಾಕ್ಕೆ ಆ ಗೋಡೆಯೇ ಇಲ್ಲ. ಇಲ್ಲದ ಗೋಡೆ ಒಡೆಯುವುದಕ್ಕೆ ಹೋದಂತೆ ಅದು. ನೊರೆಗಣ್ಣಿನ ಕೋಳಿಗೆ ಎಷ್ಟು ಕ್ಯಾಪ್ಸೂಲ್ ಸುರಿದರೂ ವ್ಯರ್ಥ. ರಾಣಿಖೇತ್, ಸಿಡುಬಿಗೆ ಯಾವ ಆ್ಯಂಟಿಬಯಾಟಿಕ್ಕೂ ನಾಟುವುದಿಲ್ಲ, ಏಕೆಂದರೆ ಅವು ವೈರಸ್. ಪೆಟ್ಟಿಗೆ, ವಿಟಮಿನ್ ಕೊರತೆಗೆ, ಗೂಡಿನ ಕೆಟ್ಟ ಗಾಳಿಗೆ ಅದು ಬೇಕೇ ಇಲ್ಲ. ಲೆಕ್ಕ ಹಾಕಿ ನೋಡಿ, ಮೇಲೆ ಹೇಳಿದ ಕಾಯಿಲೆಗಳಲ್ಲಿ ಆ್ಯಂಟಿಬಯಾಟಿಕ್ ನೇರವಾಗಿ ಕೆಲಸಕ್ಕೆ ಬರುವುದು ಎರಡಕ್ಕೆ ಮಾತ್ರ. ಅದೂ ಸರಿಯಾದದ್ದು ಕೊಟ್ಟರೆ.

ಕಣ್ಣಿನ ಹನಿಯ ಕಥೆಯೂ ಇದೇ. ಮನೆಯಲ್ಲಿ ಯಾರಿಗೋ ಕಣ್ಣುಬೇನೆ ಬಂದಾಗ ತಂದ ಬಾಟಲಿ ಗೂಡಿಗೆ ಹೋಗುತ್ತದೆ. ಅದರಲ್ಲಿ ಡೆಕ್ಸಾಮೆಥಾಸೋನ್‌ನಂಥ ಸ್ಟಿರಾಯ್ಡ್ ಇದ್ದರೆ, ಕಣ್ಣಿನ ಗುಡ್ಡೆಯ ಮೇಲೆ ಗಾಯ ಆಗಿರುವ ಕೋಳಿಗೆ ಇದ್ದ ದೃಷ್ಟಿಯೂ ಹೋಗಬಹುದು. ಸೀಮೆಎಣ್ಣೆ, ಸುಣ್ಣ, ಹೊಗೆಸೊಪ್ಪಿನ ರಸ ಕಣ್ಣಿಗೆ ಹಾಕುವುದಂತೂ ಹಿಂಸೆ. ಬೆಳ್ಳುಳ್ಳಿ, ಅರಿಶಿನ ತಿನ್ನಿಸುವುದಾದರೆ ತಿನ್ನಿಸಿ, ನಾವು ಬೇಡ ಅನ್ನುವುದಿಲ್ಲ. ಅದೇ ಔಷಧಿ ಅಂತ ನಾಲ್ಕು ದಿನ ಕಾಯುವುದು ಮಾತ್ರ ಬೇಡ.

ಆ್ಯಂಟಿಬಯಾಟಿಕ್ ಕೊಟ್ಟ ಕೋಳಿಯ ಮೊಟ್ಟೆ, ಮಾಂಸದಲ್ಲಿ ಕೆಲವು ದಿನ ಔಷಧಿ ಉಳಿದಿರುತ್ತದೆ. ಅದನ್ನು ತಿನ್ನುವುದು ನಮ್ಮ ಮಕ್ಕಳೇ. ಕಂಡಕಂಡಂತೆ ಬಳಸಿದ ಔಷಧಿ ಮುಂದೆ ಮನುಷ್ಯರಿಗೂ ನಾಟದೆ ಹೋಗುತ್ತದೆ. ಈ ಭಯದಿಂದಲೇ ಕೇಂದ್ರ ಸರ್ಕಾರ 2019ರಲ್ಲಿ ಕೊಲಿಸ್ಟಿನ್ ಅನ್ನುವ ಆ್ಯಂಟಿಬಯಾಟಿಕ್ಕನ್ನು ಕೋಳಿ ಮತ್ತು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸದಂತೆ ನಿಷೇಧಿಸಿತು. ದೊಡ್ಡ ಫಾರಂಗಳ ಬಗ್ಗೆ ದೆಹಲಿ ಎಚ್ಚೆತ್ತಿದೆ. ಹಳ್ಳಿಯ ಮೆಡಿಕಲ್ ಕೌಂಟರ್ ಬಗ್ಗೆ ಎಚ್ಚೆತ್ತವರು ಯಾರು?

ಡಾಕ್ಟರು ಬರುವ ತನಕ ಮಾಡಬೇಕಾದ್ದು

ಮೊದಲ ಕೆಲಸ, ಕಾಯಿಲೆ ಕೋಳಿಯನ್ನು ಬೇರೆ ಮಾಡುವುದು. ಒಂದು ಕುಕ್ಕೆ, ಒಂದು ರಟ್ಟಿನ ಡಬ್ಬ ಸಾಕು. ಗಾಳಿ ಬರಲಿ, ಚಳಿಗಾಳಿ ನೇರ ಹೊಡೆಯದಿರಲಿ. ಅದರ ನೀರಿನ ಬಟ್ಟಲು ಬೇರೆ ಇರಲಿ. ಮೊದಲು ಚೆನ್ನಾಗಿರುವ ಕೋಳಿಗಳಿಗೆ ಕಾಳು ಹಾಕಿ, ಆಮೇಲೆ ಕಾಯಿಲೆ ಕೋಳಿಯ ಹತ್ತಿರ ಹೋಗಿ. ಉಲ್ಟಾ ಮಾಡಿದರೆ ರೋಗ ಹಂಚುವವರು ನಾವೇ.

ಎರಡನೆಯದು, ಕಣ್ಣು ತೊಳೆಯುವುದು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದೂವರೆ ಟೀ ಚಮಚ ಉಪ್ಪು ಹಾಕಿ ಕರಗಿಸಿ. ಉಗುರು ಬೆಚ್ಚಗಿರುವಾಗ ತೊಳೆದ ಹತ್ತಿ ಬಟ್ಟೆ ಅದ್ದಿ, ಅಂಟಿಕೊಂಡ ರೆಪ್ಪೆ ನೆನೆಯುವವರೆಗೆ ಮೆತ್ತಗೆ ಒತ್ತಿ ಹಿಡಿಯಿರಿ. ತಾನಾಗಿ ಬಿಟ್ಟಷ್ಟು ಒರೆಸಿ. ಒಳಗಿನ ಗಡ್ಡೆಯನ್ನು ಕಡ್ಡಿಯಿಂದ ಕೆದಕಬೇಡಿ. ಇನ್ನೊಂದು ಕಣ್ಣಿಗೆ ಬೇರೆ ಬಟ್ಟೆ. ದಿನಕ್ಕೆ ಎರಡು ಮೂರು ಸಲ ಮಾಡಿ. ಮೂಗಿನ ಹೊಳ್ಳೆಯನ್ನೂ ಹೀಗೇ ಒರೆಸಿ.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಕಣ್ಣು ಕಾಣದ ಕೋಳಿಗೆ ಕಾಳೂ ಕಾಣುವುದಿಲ್ಲ, ನೀರೂ ಕಾಣುವುದಿಲ್ಲ. ಕಾಯಿಲೆಗಿಂತ ಮೊದಲು ಹಸಿವು, ಬಾಯಾರಿಕೆಯೇ ಅದನ್ನು ಕೊಲ್ಲಬಹುದು. ಕೊಕ್ಕಿನ ತುದಿಯನ್ನು ನೀರಿಗೆ ಮುಟ್ಟಿಸಿ, ತಾನೇ ಕುಡಿಯಲಿ. ಬಾಯಿ ಬಿಡಿಸಿ ಸುರಿದರೆ ನೀರು ಶ್ವಾಸನಾಳಕ್ಕೆ ಹೋಗುತ್ತದೆ. ಅನ್ನ ಇಲ್ಲವೇ ರಾಗಿ ಹಿಟ್ಟು ಮೆತ್ತಗೆ ಕಲಸಿ, ಸಣ್ಣಗೆ ಹೆಚ್ಚಿದ ನುಗ್ಗೆಸೊಪ್ಪು ಸೇರಿಸಿ ಮುಂದಿಡಿ.

ನಾಲ್ಕನೆಯದು, ಗೂಡು. ಒದ್ದೆ ಹಾಸು ತೆಗೆದು ಬಿಸಿಲಿಗೆ ಹಾಕಿ, ಒಣ ಹೊಟ್ಟು ಹಾಸಿ. ನೀರಿನ ಬಟ್ಟಲು ದಿನಾ ಉಜ್ಜಿ. ಗಾಳಿ ಆಡುವಂತೆ ಮೇಲ್ಭಾಗದಲ್ಲಿ ಕಿಂಡಿ ಬಿಡಿ. ಕೋಳಿ ಮುಟ್ಟಿದ ಕೈ ಸೋಪಿನಿಂದ ತೊಳೆಯಿರಿ. ರಾಣಿಖೇತ್ ವೈರಸ್ ಮನುಷ್ಯರ ಕಣ್ಣಿಗೆ ತಗುಲಿದರೆ ಕೆಲವು ದಿನ ಕಣ್ಣು ಕೆಂಪಾಗುವುದುಂಟು.

ಐದನೆಯದು, ಬರೆದಿಡುವುದು. ಯಾವ ದಿನ ಮೊದಲ ಕೋಳಿ ಮುಚ್ಚಿಕೊಂಡಿತು, ಎಷ್ಟು ಕೋಳಿಗೆ ಹರಡಿತು, ಒಂದು ಕಣ್ಣೋ ಎರಡೋ, ಹಿಕ್ಕೆಯ ಬಣ್ಣ ಏನು, ಹೊಸ ಕೋಳಿ ಯಾವಾಗ ತಂದಿರಿ. ಫೋನ್‌ನಲ್ಲಿ ಹಗಲು ಬೆಳಕಿನಲ್ಲಿ ಎರಡು ಫೋಟೋ, ಗೊರಗೊರ ಸದ್ದಿನ ಒಂದು ವಿಡಿಯೋ ತೆಗೆದಿಡಿ. "ಕೋಳಿಗೆ ಶೀತ ಸಾರ್" ಅಂದರೆ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ಇಷ್ಟು ವಿವರ ಇದ್ದರೆ ಅವರು ತಳ್ಳಿಹಾಕುವುದೂ ಕಷ್ಟ.

ಸಂತೆಗೆ ಹೊತ್ತ ಕಾಯಿಲೆ

ಇನ್ನು ನಮ್ಮವರಿಗೇ ಒಂದು ಕಟು ಮಾತು. ಗೂಡಲ್ಲಿ ಒಂದು ಕೋಳಿ ಮಂಕಾದ ಕೂಡಲೇ "ಉಳಿದಿದ್ದು ಸಾಯೋ ಮೊದಲು ದುಡ್ಡು ಮಾಡ್ಕೊ" ಅಂತ ಬೆಳಗಿನ ಜಾವವೇ ಸಂತೆಗೆ ಹೊರಡುತ್ತಾರೆ. ಕಾಲು ಕಟ್ಟಿ, ತಲೆಕೆಳಗು ಮಾಡಿ, ಹತ್ತು ಊರಿನ ಕೋಳಿಗಳ ಪಕ್ಕ ಇಡುತ್ತಾರೆ. ಸಂಜೆ ಹೊತ್ತಿಗೆ ಆ ಕಾಯಿಲೆ ಹತ್ತು ಊರಿನ ಬಸ್ ಹತ್ತಿರುತ್ತದೆ. ಮುಂದಿನ ತಿಂಗಳು ಅದೇ ಸಂತೆಯಿಂದ ನೀವು ತಂದ ಹೇಂಟೆಯ ಜೊತೆ ನಿಮ್ಮದೇ ರೋಗ ವಾಪಸ್ ಮನೆಗೆ ಬರುತ್ತದೆ.

ಬಡತನ ಇದಕ್ಕೆ ಕಾರಣ ಅನ್ನುವುದು ನಮಗೂ ಗೊತ್ತು. ಆದರೆ ಕೊಂಡವಳೂ ನಿಮ್ಮಂತೆಯೇ ಸಂಘದ ಸಾಲ ತೀರಿಸುವ ಇನ್ನೊಬ್ಬ ಹೆಂಗಸೇ. ಕಾನೂನೂ ಇದನ್ನು ಒಪ್ಪುವುದಿಲ್ಲ. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಗೆ 2009ರಲ್ಲಿ ಕೇಂದ್ರ ಕಾಯ್ದೆ ಬಂದಿದೆ. ಅದರ ಪಟ್ಟಿಯಲ್ಲಿ ರಾಣಿಖೇತ್, ಹಕ್ಕಿಜ್ವರ ಎರಡೂ ಇವೆ. ಪಟ್ಟಿಯಲ್ಲಿರುವ ರೋಗದ ಸಂಶಯ ಬಂದರೆ ಸಾಕಿದವರು ತಿಳಿಸಬೇಕು, ರೋಗ ಇದೆ ಅಂತ ಗೊತ್ತಿರುವ ಪ್ರಾಣಿಯನ್ನು ಸಂತೆಗೆ ತರಬಾರದು ಅನ್ನುತ್ತದೆ ಆ ಕಾಯ್ದೆ. ನಮ್ಮ ಸಂತೆಗಳಲ್ಲಿ ಸುಂಕ ವಸೂಲಿಗೆ ಜನ ಇರುತ್ತಾರೆ, ಕೋಳಿಯ ಕಣ್ಣು ನೋಡುವುದಕ್ಕೆ ಒಬ್ಬರೂ ಇರುವುದಿಲ್ಲ.

ಹೊಸ ಕೋಳಿ ತಂದರೆ ಎರಡು ಮೂರು ವಾರ ಬೇರೆ ಇಡಿ. ಕೊರೈಜಾ, ಸಿ.ಆರ್.ಡಿ. ಬಂದು ಹೋದ ಗೂಡಿನಲ್ಲಿ ಹಳೆಯ ಕೋಳಿಗಳನ್ನು ಇಟ್ಟುಕೊಂಡೇ ಹೊಸದನ್ನು ಬಿಡುವ ಮೊದಲು ಡಾಕ್ಟರನ್ನು ಕೇಳಿ. ಕೆಲವೊಮ್ಮೆ ಕಾಯಿಲೆ ಬಿದ್ದ ಕೋಳಿಯನ್ನು ತೆಗೆದುಹಾಕುವುದೇ ಸರಿಯಾದ ನಿರ್ಧಾರ, ನಾವು ಅದನ್ನು ಅಲ್ಲಗಳೆಯುವುದಿಲ್ಲ. ಅದು ನೋಡಿ, ತಿಳಿದು ಮಾಡುವ ನಿರ್ಧಾರ ಆಗಬೇಕು ಅಷ್ಟೇ. ಸತ್ತದ್ದನ್ನು ತಿಪ್ಪೆಗೆ ಎಸೆದು ನಾಯಿಗೆ ಹಂಚಬೇಡಿ. ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿ.

ಈಗ ಇಲಾಖೆಗೆ

ಹಳ್ಳಿಯಲ್ಲಿ ಪಶು ಆಸ್ಪತ್ರೆಗೆ ದನದ ಆಸ್ಪತ್ರೆ ಅನ್ನುತ್ತಾರೆ. ಜನ ಸುಮ್ಮನೆ ಇಟ್ಟ ಹೆಸರಲ್ಲ ಅದು. ಕುಕ್ಕೆಯಲ್ಲಿ ಕೋಳಿ ಹೊತ್ತು ಹೋದವರಿಗೆ "ಒಂದು ಕೋಳಿಗೆ ಇಷ್ಟು ದೂರ ಬಂದ್ಯಾ? ಹೋಗಿ ಸಾರು ಮಾಡಮ್ಮ" ಅನ್ನುವ ಉತ್ತರ ಸಿಕ್ಕಿದ್ದನ್ನು ನಾವು ಒಂದಲ್ಲ, ಹಲವು ಊರುಗಳಲ್ಲಿ ಕೇಳಿದ್ದೇವೆ. ಒಮ್ಮೆ ನಗಿಸಿಕೊಂಡು ಬಂದವಳು ಎರಡನೇ ಸಲ ಹೋಗುವುದಿಲ್ಲ. ಅವಳು ಹೋಗದಿದ್ದರೆ ರೋಗದ ಲೆಕ್ಕ ಇಲಾಖೆಗೆ ಸಿಗುವುದಿಲ್ಲ. ಲೆಕ್ಕ ಸಿಗದಿದ್ದರೆ "ನಮ್ಮ ವ್ಯಾಪ್ತಿಯಲ್ಲಿ ಕೋಳಿ ರೋಗ ಇಲ್ಲ" ಅಂತ ವರದಿ ಹೋಗುತ್ತದೆ.

ಹೆಂಗಸರಿಗೆ ಕೋಳಿಮರಿ ಹಂಚುವ ಯೋಜನೆಗಳು ಬರುತ್ತವೆ. ಸಂತೋಷ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜ ತಳಿ ನಮ್ಮ ಹಳ್ಳಿಗಳಿಗೆ ಬಂದಿದ್ದು ಒಳ್ಳೆಯದೇ. ಆದರೆ ಮರಿ ಕೊಡುವ ದಿನ ವೇದಿಕೆ, ಫೋಟೋ, ಭಾಷಣ. ಮರಿಗೆ ಎಂಟು ವಾರ ತುಂಬುವ ದಿನ ಲಸಿಕೆ ಹಿಡಿದು ಬರುವವರು ಯಾರೂ ಇಲ್ಲ. ಲಸಿಕೆ ಇಲ್ಲದೆ ಮರಿ ಹಂಚುವುದು ಬೇಲಿ ಇಲ್ಲದ ಹೊಲಕ್ಕೆ ಬೀಜ ಚೆಲ್ಲಿದಂತೆ.

ಇದಕ್ಕೆ ಸಿಗುವ ಉತ್ತರಗಳು ನಮಗೆ ಗೊತ್ತು.

"ನಾಟಿ ಕೋಳಿಗೆ ಏನೂ ಆಗಲ್ಲ, ಗಟ್ಟಿ ಜೀವ." ಗಟ್ಟಿ ಜೀವ ಹೌದು, ಬಿಸಿಲಿಗೆ, ಓಡಾಟಕ್ಕೆ. ಲಸಿಕೆ ಹಾಕದ ನಾಟಿ ಕೋಳಿಯನ್ನು ರಾಣಿಖೇತ್ ಬಿಡುವುದಿಲ್ಲ.

"ಡಾಕ್ಟರು ಒಬ್ಬರೇ, ದನ ಸಾವಿರಾರು." ನಿಜ. ಖಾಲಿ ಹುದ್ದೆಗಳ ಕಷ್ಟ ನಾವೂ ಬಲ್ಲೆವು. ಮನೆಮನೆಗೆ ಬಂದು ಕೋಳಿಯ ಕಣ್ಣು ತೊಳೆಯಿರಿ ಅಂತ ನಾವು ಕೇಳುತ್ತಿಲ್ಲ. ಕೇಳುತ್ತಿರುವುದು ಊರಿಗೆ ತಿಂಗಳಲ್ಲಿ ಒಂದು ಬೆಳಗಿನ ಹೊತ್ತು.

"ಲಸಿಕೆ ಬಾಟಲಿ ನೂರು ಡೋಸಿನದು, ನಿಮ್ಮ ಆರು ಕೋಳಿಗೆ ಹೇಗೆ ಒಡೆಯೋದು?" ಈ ಮಾತಿನಲ್ಲಿ ಹುರುಳಿದೆ. ಬಾಟಲಿ ಒಮ್ಮೆ ಕರಗಿಸಿದರೆ ಐಸ್ ಮೇಲಿಟ್ಟು ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಆದರೆ ಉತ್ತರವೂ ಈ ಪ್ರಶ್ನೆಯ ಒಳಗೇ ಇದೆ. ಒಂದು ಕೇರಿಯಲ್ಲಿ ಹದಿನಾಲ್ಕು ಮನೆ, ಮನೆಗೆ ಏಳು ಕೋಳಿ ಅಂದರೆ 98. ಒಂದು ಬಾಟಲಿ ಮುಗಿಯಿತು. ಕೋಳಿಗಳು ಗೂಡಿನಿಂದ ಹೊರಬೀಳುವ ಮೊದಲು ಬೆಳಗಿನ ಜಾವ ಬಂದರೆ ಎರಡು ಗಂಟೆಯ ಕೆಲಸ. ಮರಿಗೆ 5ರಿಂದ 7ನೇ ದಿನ ಕಣ್ಣಿಗೋ ಮೂಗಿಗೋ ಒಂದು ಹನಿ. ಸುಮಾರು 4 ವಾರಕ್ಕೆ ಇನ್ನೊಂದು ಹನಿ. 8 ವಾರಕ್ಕೆ ಚರ್ಮದ ಕೆಳಗೆ ಆರ್‌2ಬಿ ಚುಚ್ಚುಮದ್ದು. ಸಿಡುಬಿನ ಲಸಿಕೆಯೂ 6ರಿಂದ 8 ವಾರದ ಹೊತ್ತಿಗೆ. ಕಣ್ಣಿಗೆ ಹನಿ ಹಾಕುವುದನ್ನು ತರಬೇತಿ ಪಡೆದ ಪಶುಸಖಿಯೂ ಮಾಡಬಲ್ಲಳು. ಆಫ್ರಿಕಾದ ಮೊಜಾಂಬಿಕ್, ಟಾಂಜಾನಿಯಾದ ಹಳ್ಳಿಗಳಲ್ಲಿ ಬಿಸಿಲು ತಡೆಯುವ ಐ-2 ಅನ್ನುವ ಲಸಿಕೆಯನ್ನು ಊರಿನವರೇ ಕಲಿತು ಹನಿ ಹಾಕುತ್ತಾರೆ. ಅಲ್ಲಿ ಆಗಿದ್ದು ಇಲ್ಲಿ ಯಾಕೆ ಆಗಬಾರದು? ಕೋಳಿಗೆ ಬೇಕಾದ ಲಸಿಕೆ ತಯಾರಿಸುವ ಸರ್ಕಾರಿ ಸಂಸ್ಥೆ ಬೆಂಗಳೂರಿನ ಹೆಬ್ಬಾಳದಲ್ಲೇ ಇದೆ. ಕೊರತೆ ಇರುವುದು ಹೆಬ್ಬಾಳದಿಂದ ನಮ್ಮ ಕೇರಿಯವರೆಗಿನ ಐಸ್ ಡಬ್ಬಿಯಲ್ಲಿ, ಮತ್ತು ಮನಸ್ಸಿನಲ್ಲಿ.

ಆದ್ದರಿಂದ ನಮ್ಮ ಬೇಡಿಕೆ ನಾಲ್ಕು. ಪ್ರತಿ ಪಂಚಾಯಿತಿಗೆ ತಿಂಗಳಲ್ಲಿ ಒಂದು ಕೋಳಿ ಲಸಿಕೆ ದಿನ, ಮೊದಲೇ ಡಂಗುರ ಸಾರಿ ಮಾಡಬೇಕು. ಪಶು ಆಸ್ಪತ್ರೆಯ ದಾಖಲೆ ಪುಸ್ತಕದಲ್ಲಿ ಕೋಳಿಯ ಕೇಸುಗಳನ್ನು ಬರೆಯಬೇಕು. ಹಲವು ಕೋಳಿ ಸತ್ತಾಗ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ, ಬಂದ ಉತ್ತರವನ್ನು ಸಾಕಿದವರಿಗೆ ತಿಳಿಸಬೇಕು. ಕೋಳಿಮರಿ ಹಂಚುವ ಯಾವುದೇ ಯೋಜನೆಯಲ್ಲಿ ಲಸಿಕೆಯ ದಿನಾಂಕ ಬರೆದ ಚೀಟಿಯನ್ನು ಮರಿಯ ಜೊತೆಗೇ ಕೊಡಬೇಕು.

ಇದನ್ನು ಕೇಳುವುದಕ್ಕೆ ದೊಡ್ಡ ಹೋರಾಟ ಬೇಕಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಸಂಘದ ಹತ್ತು ಹೆಂಗಸರು ಒಂದು ಹಾಳೆಯಲ್ಲಿ ತಮ್ಮ ತಮ್ಮ ಕೋಳಿಗಳ ಲೆಕ್ಕ ಬರೆದು ತನ್ನಿ. ಎಷ್ಟು ಇವೆ, ಈ ವರ್ಷ ಎಷ್ಟು ಸತ್ತವು. ಆ ಹಾಳೆಯನ್ನು ಅರ್ಜಿಗೆ ಅಂಟಿಸಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕೋಳಿ ಮಂಕಾದರೆ ಹತ್ತಿರದ ಪಶು ಆಸ್ಪತ್ರೆಗೆ ಹೇಳಿ, 1962 ಸಹಾಯವಾಣಿಗೂ ಕರೆ ಮಾಡಿ. "ಕೋಳಿಗಾ?" ಅಂತ ಕೇಳಿದರೆ "ಹೌದು, ಕೋಳಿಗೇ" ಅನ್ನಿ. ಕರೆ ಮಾಡಿದ ದಿನ, ಸಿಕ್ಕಿದ ಉತ್ತರ ಎರಡನ್ನೂ ಬರೆದಿಟ್ಟು ನಮಗೂ ಕಳಿಸಿ. ಊರೂರಿನ ಲೆಕ್ಕ ಒಟ್ಟು ಮಾಡಿ ಜಿಲ್ಲಾ ಕಚೇರಿಯ ಮುಂದೆ ಇಡುವ ಕೆಲಸ ನಮ್ಮದು.